ಬೈಸಾ ಲೆಕ್ಕ

ತಣಿಸಂದ್ರದ ರಾಯರು ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹಣದ ವಿಷಯದಲ್ಲಿ ತಮ್ಮನ್ನು ಯಾರೂ ಮೋಸಗೊಳಿಸಲಾರರೆಂಬ ಹೆಮ್ಮೆ ಅವರಿಗುಂಟು. 2024ರ ಡಿಸೆಂಬರಿನಲ್ಲಿ ಪತ್ನೀಸಮೇತರಾಗಿ ಮಸ್ಕತ್ತಿನ ಮಗನ ಮನೆಗೆ ಹೊರಟಾಗ, ಗಡಿಬಿಡಿಯಲ್ಲಿ ವಿಮಾನ ನಿಲ್ದಾಣದಲ್ಲಿಯೇ ಅರವತ್ತು ರಿಯಾಲು ಕೊಂಡರು.

ಅಲ್ಲಿನ ಚಿಲ್ಲರೆಯ ಹೆಸರು ಬೈಸಾ. ನಮ್ಮ ಪೈಸೆಯೇ ಸಮುದ್ರ ದಾಟಿ ಅರಬ್ಬಿ ಉಚ್ಚಾರ ಪಡೆದಿದೆಯೆಂದು ತಿಳಿದು ರಾಯರಿಗೆ ಪರಮಾನಂದ. ಒಂದು ಕಾಲಕ್ಕೆ ಒಮಾನಿನಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆಯಿಂದ ವಿದೇಶೀ ವಿನಿಮಯ ಸೋರುವುದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ಪ್ರದೇಶಕ್ಕೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ನೆರೆಯ ಸಂಸ್ಥಾನಗಳು ಅದನ್ನು ಕೈಬಿಟ್ಟವು. 1970ರಲ್ಲಿ ಒಮಾನೂ ಸ್ವಂತ ನಾಣ್ಯ ಮಾಡಿಕೊಂಡಿತು.

ಆದರೆ ನೂರಲ್ಲ, ಸಾವಿರ ಬೈಸಾ ಸೇರಿದರೆ ಒಂದು ರಿಯಾಲು. ಆದ್ದರಿಂದ ಬೆಲೆಚೀಟಿಯಲ್ಲಿ ಚುಕ್ಕೆಯ ಬಲಕ್ಕೆ ಮೂರು ಅಂಕಿ. ಕಲ್ಲಂಗಡಿ ಹಣ್ಣಿನ ಮೇಲೆ 1.250 ಎಂದಿದ್ದುದನ್ನು ಸಾವಿರದ ಇನ್ನೂರ ಐವತ್ತೆಂದು ಓದಿ ಗಣಿತದ ಮೇಷ್ಟ್ರು ಬೆಚ್ಚಿಬಿದ್ದರು! ಅಂದಿನಿಂದ ಎಲ್ಲವನ್ನೂ ರೂಪಾಯಿಗೆ ಗುಣಿಸಿ ನೋಡುವ ಚಟ ಹತ್ತಿತು. ನೂರು ಬೈಸಾದ ಚಹವೂ ಇಪ್ಪತ್ತು ರೂಪಾಯಿಗೆ ಮಿಕ್ಕು ಗಂಟಲಲ್ಲಿ ಇಳಿಯದಾಯಿತು.

ಮತ್ರಾಹ್ ಪೇಟೆಯ ತುಂಬ ಲೋಬಾನದ ಪರಿಮಳ. ಅಲ್ಲಿ ಬಣ್ಣ ಬಳಿದ ಪುಟ್ಟ ಧೂಪದ ಪಾತ್ರೆಯೊಂದನ್ನು ರಾಯರ ಪತ್ನಿ ಕೈಗೆತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡಿದರು. ಮೂರು ರಿಯಾಲು.

“ಆರುನೂರೈವತ್ತು ರೂಪಾಯಿ! ಶಿವಾಜಿನಗರದಲ್ಲಿ ನೂರಕ್ಕೆ ಸಿಗುತ್ತದೆ,” ಎಂದರು ರಾಯರು.

“ಬೇಡ ಬಿಡೀಂದ್ರೆ, ಮನೆಯಲ್ಲಿ ಮಣ್ಣಿನದಿದೆಯಲ್ಲ,” ಎಂದು ಆಕೆ ಅದನ್ನು ಮೊದಲಿದ್ದ ಜಾಗದಲ್ಲಿಯೇ ಜೋಪಾನವಾಗಿ ಇಟ್ಟರು. ಆಕೆ ತಮಗೆಂದು ಕೈಗೆತ್ತಿಕೊಂಡದ್ದನ್ನು ಹೀಗೆ ಮರಳಿ ಇಟ್ಟದ್ದು ಇದೇ ಮೊದಲೇನಲ್ಲ. ಮಡದಿಯರ ಇಂಥ “ಬೇಡ”ಕ್ಕೆ ವಿನಿಮಯ ದರವನ್ನು ಯಾವ ಬ್ಯಾಂಕೂ ಪ್ರಕಟಿಸುವುದಿಲ್ಲ.

ಅರವತ್ತು ರಿಯಾಲಿನಲ್ಲಿ ನಲವತ್ತು ಹಾಗೆಯೇ ಹಿಂತಿರುಗಿತು. ಬೆಂಗಳೂರಿನಲ್ಲಿ ಇಳಿದು ಅದನ್ನು ಮಾರಿದಾಗ, ಕೊಂಡ ದರಕ್ಕೂ ಮಾರಿದ ದರಕ್ಕೂ ರಿಯಾಲಿಗೆ 18 ರೂಪಾಯಿಯ ಅಂತರ. ನಾಣ್ಯಗಳನ್ನಂತೂ ಅವರು ಮುಟ್ಟಲೇ ಇಲ್ಲ. ಮನೆಗೆ ಬಂದು ಪಂಚಾಂಗದ ಹಿಂಬದಿಯಲ್ಲಿ ರಾಯರು ಲೆಕ್ಕ ಬರೆದರು: ನಷ್ಟ 720 ರೂಪಾಯಿ. ಎರಡನೆಯ ಸಲ ಗುಣಿಸಿದರು. ಅಷ್ಟೇ ಬಂದಿತು.

ಉಳಿದ ಬೈಸಾ ನಾಣ್ಯಗಳನ್ನು ಅವರ ಪತ್ನಿ ತೊಳೆದು, ದೇವರ ಗೂಡಿನಲ್ಲಿ ಹಳೆಯ ಪೈಸೆಗಳ ಜೊತೆಗಿಟ್ಟರು. ಬಳಿಕ ಅಂಚು ಒಡೆದ ಮಣ್ಣಿನ ಧೂಪಾರತಿಗೆ ಕೆಂಡ ಹಾಕಿ, “ಊಟಕ್ಕೆ ಏಳಿ, ಇನ್ನೂ ಏನು ಲೆಕ್ಕ?” ಎಂದರು. ರಾಯರು ಪಂಚಾಂಗವನ್ನು ಮಗುಚಿಟ್ಟರು.