ಗಾಜಿನ ತೊಟ್ಟಿಯ ಕಡಲು

ಬಯಲುಸೀಮೆಯ ಊರಿನಲ್ಲಿ ಕಡಲನ್ನು ಸಾಕುತ್ತೇನೆಂದು ಹೊರಟವನನ್ನು ಕಂಡರೆ ಯಾರಿಗೆ ತಾನೆ ನಗು ಬಾರದು? ನನ್ನ ವಿಷಯದಲ್ಲಿಯೂ ಹಾಗೆಯೇ ಆಯಿತು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ 200 ಲೀಟರು ನೀರು ಹಿಡಿಯುವ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿರುವುದು ಸಿಹಿನೀರಲ್ಲ, ಉಪ್ಪುನೀರು. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಕಡಲ ಲವಣಗಳ ಮಿಶ್ರಣವನ್ನು ಬೆರೆಸಿ ನಾವೇ ಮಾಡಿಕೊಂಡ ಕಡಲು ಅದು. ಇಡೀ ತೊಟ್ಟಿಗೆ 7 ಕಿಲೋ ಲವಣ ಬೇಕಾಯಿತು. “ಮೇಷ್ಟ್ರೆ, ಇಷ್ಟು ಉಪ್ಪಿನಲ್ಲಿ ವರ್ಷಕ್ಕಾಗುವಷ್ಟು ಉಪ್ಪಿನಕಾಯಿ ಹಾಕಬಹುದಿತ್ತಲ್ಲ!” ಎಂದು ನೆರೆಮನೆಯ ಹಿರಿಯರೊಬ್ಬರು ಹಾಸ್ಯ ಮಾಡಿದರು.

ಈ ಸಾಹಸಕ್ಕೆ ಕಾರಣ ನನ್ನ ಮೊಮ್ಮಗ. ಒಮ್ಮೆ ಮುರುಡೇಶ್ವರಕ್ಕೆ ಹೋಗಿದ್ದಾಗ ಅವನು ತಂದೆಯೊಡನೆ ದೋಣಿಯೇರಿ ನೇತ್ರಾಣಿ ದ್ವೀಪದವರೆಗೆ ಹೋಗಿ, ನೀರಿನಡಿಯ ಹವಳಗಳನ್ನೂ ಅವುಗಳ ಸುತ್ತ ಸುಳಿಯುವ ಬಣ್ಣದ ಮೀನುಗಳನ್ನೂ ಕಂಡು ಬಂದ. ಅಂದಿನಿಂದ ಅವನದು ಒಂದೇ ಹಟ: ನಮ್ಮ ಮನೆಯಲ್ಲಿಯೂ ಹವಳದ ತೋಟವೊಂದು ಆಗಬೇಕು. ಗಟ್ಟಿ ಹವಳಗಳಿಗೆ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ಅವನ್ನು ಕಡಲಿನಿಂದ ಕಿತ್ತು ತರುವುದು ಅಪರಾಧ ಎಂದು ನಾನು ತಿಳಿಯಹೇಳಿದೆ. ಕೊನೆಗೆ ಇಬ್ಬರಿಗೂ ಒಪ್ಪಂದವಾಯಿತು. ತೊಟ್ಟಿಯಲ್ಲಿಯೇ ಬೆಳೆಸಿದ, ಅಣಬೆಯ ಕೊಡೆಯಂತೆ ಅರಳುವ, ಕಲ್ಲಿನಂಥ ಅಸ್ಥಿಯಿಲ್ಲದ ಹವಳದ ದಾಯಾದಿಗಳು ನಾಲ್ಕು. ಕಿತ್ತಳೆ ಮೈಮೇಲೆ ಮೂರು ಬಿಳಿ ಪಟ್ಟೆಗಳಿರುವ ಕ್ಲೌನ್ ಮೀನುಗಳು ಎರಡು. ಈ ಮೀನನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ್ದಾರೆ. ಆದುದರಿಂದ ಇದಕ್ಕಾಗಿ ಕಡಲನ್ನು ದೋಚಬೇಕಾಗಿರಲಿಲ್ಲ.

ಉಪ್ಪು ಬೆರೆಸುವುದು ಸುಲಭ. ಕಷ್ಟವಿರುವುದು ನೀರಿನ ಉಷ್ಣತೆಯನ್ನು ಕಾಯುವುದರಲ್ಲಿ. ಬೇಸಗೆಯ ಬೆಳಿಗ್ಗೆ 24 ಡಿಗ್ರಿಯಲ್ಲಿ ಎದ್ದು, ಮಧ್ಯಾಹ್ನ 38 ಡಿಗ್ರಿಯಲ್ಲಿ ಊಟ ಮಾಡುವ ನಮಗೆ ಒಂದೆರಡು ಡಿಗ್ರಿಯ ಅಂತರ ಲೆಕ್ಕಕ್ಕೇ ಬಾರದು. ಆದರೆ ಕಡಲಿನ ಜೀವಿಗಳು ಹಾಗಲ್ಲ. ಅಗಾಧವಾದ ಆ ಜಲರಾಶಿ ಬೇಗನೆ ಕಾಯುವುದೂ ಇಲ್ಲ, ಬೇಗನೆ ಆರುವುದೂ ಇಲ್ಲ. ಆ ಸ್ಥಿರತೆಗೆ ಒಗ್ಗಿದ ಜೀವಿಗಳಿಗೆ ನಮ್ಮ ತೊಟ್ಟಿಯ ನೀರು 25ರಿಂದ 27 ಡಿಗ್ರಿಯ ನಡುವೆ ಇದ್ದರೆ ಹಿತ. ಹವಳದ ಮತ್ತು ಅದರ ಈ ದಾಯಾದಿಗಳ ಒಡಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಒಕ್ಕಲಿರುತ್ತವೆ. ಬೆಳಕಿನ ನೆರವಿನಿಂದ ಅವು ತಯಾರಿಸುವ ಆಹಾರದ ಬಹುಭಾಗ ಆಶ್ರಯ ಕೊಟ್ಟ ಜೀವಿಗೇ ಸಲ್ಲುತ್ತದೆ. ನೀರು ಅತಿಯಾಗಿ ಕಾದರೆ ಈ ಸಹಬಾಳ್ವೆ ಮುರಿಯುತ್ತದೆ. ಪಾಚಿಗಳು ಹೊರಬಿದ್ದು ಜೀವಿ ಬಿಳಿಚಿಕೊಳ್ಳುತ್ತದೆ. ಇತ್ತ ಮೀನಿಗೂ ಸಂಕಟ. ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ.

ಇದನ್ನೆಲ್ಲ ನಾನು ಓದಿಕೊಂಡಿದ್ದೆ. ಆದರೂ ತಪ್ಪಿದೆ. ಅದು ತೊಟ್ಟಿ ಬಂದ ಮೊದಲ ವರ್ಷದ ಏಪ್ರಿಲ್ ತಿಂಗಳು. ಪರೀಕ್ಷೆ ಮುಗಿಸಿದ ಮೊಮ್ಮಗ ಹರಿಹರದ ಸೋದರತ್ತೆಯ ಮನೆಗೆ ಹೊರಟಿದ್ದ. ಹೊರಡುವಾಗ, “ಅಜ್ಜಾ, ತೊಟ್ಟಿ ನೀನೇ ನೋಡ್ಕೋಬೇಕು” ಎಂದು ಮೂರು ಸಲ ಹೇಳಿದ್ದ. ಮರುದಿನ ಮಧ್ಯಾಹ್ನ ವಿದ್ಯುತ್ತು ನಿಂತಿತು. ಎರಡು ಗಂಟೆ ಕಳೆದರೂ ಬರಲಿಲ್ಲ. ನೀರನ್ನು ಕಲಕುವ ಪಂಪು ನಿಂತಿತ್ತು. ಉಷ್ಣಮಾಪಕ 32 ಡಿಗ್ರಿ ತೋರಿಸುತ್ತಿತ್ತು. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದವು. ನನಗೆ ಗಾಬರಿಯಾಯಿತು. ಆಟೋ ಹಿಡಿದು ಹೋಗಿ 10 ಕಿಲೋ ಮಂಜುಗಡ್ಡೆ ತಂದು, ಒಡೆದು ನೇರವಾಗಿ ತೊಟ್ಟಿಗೆ ಸುರಿದೆ. ಮುಟ್ಟಿ ನೋಡಿದರೆ ನೀರು ತಣ್ಣಗಿತ್ತು. ಗೆದ್ದೆನೆಂದುಕೊಂಡು ಮಲಗಿದೆ.

ಮರುದಿನ ಬೆಳಿಗ್ಗೆ ಎರಡು ಮೀನುಗಳಲ್ಲಿ ದೊಡ್ಡದು ತೊಟ್ಟಿಯ ತಳದಲ್ಲಿ ಸತ್ತು ಬಿದ್ದಿತ್ತು.

ವಿಷಯ ತಿಳಿದು ಮೊಮ್ಮಗ ಅಂದೇ ಬಂದ. ಅವನು ಅತ್ತಿದ್ದರೆ ಸಮಾಧಾನ ಹೇಳುತ್ತಿದ್ದೆ, ಸಿಟ್ಟಾಗಿದ್ದರೆ ತಾಳಿಕೊಳ್ಳುತ್ತಿದ್ದೆ. ಅವನು ಕೇಳಿದ್ದು ಒಂದು ಪ್ರಶ್ನೆ: “ಐಸ್ ಹಾಕಿದ ಮೇಲೆ ನೀರು ಎಷ್ಟು ಡಿಗ್ರಿಗೆ ಬಂತು, ಅಜ್ಜಾ?” ನನ್ನಲ್ಲಿ ಉತ್ತರವಿರಲಿಲ್ಲ. ಉಷ್ಣಮಾಪಕ ಎದುರಿಗೇ ಇದ್ದರೂ ನಾನು ನೋಡಿರಲಿಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಮಕ್ಕಳನ್ನು ಪ್ರಶ್ನೆ ಕೇಳುತ್ತಲೇ ಬಂದ ನಾನು ಅಂದು ಉತ್ತರ ಗೊತ್ತಿಲ್ಲದ ವಿದ್ಯಾರ್ಥಿಯಂತೆ ತಲೆತಗ್ಗಿಸಿ ನಿಂತೆ.

ಅವನು ನೋಟುಪುಸ್ತಕ ತೆರೆದು ಲೆಕ್ಕ ಹಾಕಿದ. 200 ಲೀಟರು ನೀರು 1 ಡಿಗ್ರಿ ತಣಿಯಲು 200 ಕಿಲೋಕ್ಯಾಲೊರಿ ಶಾಖ ಕಳೆದುಕೊಳ್ಳಬೇಕು. 1 ಕಿಲೋ ಮಂಜುಗಡ್ಡೆ ಕರಗುವಾಗ 80 ಕಿಲೋಕ್ಯಾಲೊರಿ ಹೀರುತ್ತದೆ; 10 ಕಿಲೋ 800 ಹೀರುತ್ತದೆ. ಕರಗಿದ ತಣ್ಣೀರು ಬೆಚ್ಚಗಾಗಲು ಮತ್ತಷ್ಟು ಬೇಕು. ಒಟ್ಟಿನಲ್ಲಿ ನೀರು ಅಲ್ಪ ಕಾಲದಲ್ಲಿಯೇ 5 ಡಿಗ್ರಿಗೂ ಹೆಚ್ಚು ಕುಸಿದಿತ್ತು. ಮಂಜುಗಡ್ಡೆಯ ನೀರು ಬೆರೆತು ಉಪ್ಪಿನ ಹದವೂ ಕೆಟ್ಟಿತ್ತು. ಬಿಸಿಯಿಂದ ಬಳಲಿದ್ದ ಜೀವಕ್ಕೆ ನಾನು ಕೊಟ್ಟದ್ದು ಉಪಚಾರವಲ್ಲ, ಇನ್ನೊಂದು ಪೆಟ್ಟು. ಬಿಸಿ ಎಷ್ಟು ಕೆಡುಕೋ ಹಠಾತ್ತಾದ ತಂಪೂ ಅಷ್ಟೇ ಕೆಡುಕು ಎಂಬುದು ನನಗೆ ಅಂದು ಅರ್ಥವಾಯಿತು.

ಸರಿಯಾದ ಉಪಾಯ ನಮ್ಮ ಅಡುಗೆಮನೆಯಲ್ಲಿಯೇ ಇತ್ತು. ನಮ್ಮ ತಾಯಿ ಬೇಸಗೆ ಬಂತೆಂದರೆ ಕುಡಿಯುವ ನೀರಿಗೆ ಮಣ್ಣಿನ ಹರವಿಯನ್ನು ಹೂಡುತ್ತಿದ್ದರು. ಹರವಿಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ. ಆವಿಯಾಗುವಾಗ ಉಳಿದ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ತೊಟ್ಟಿಯ ಮೇಲ್ಮೈಗೆ ಸಣ್ಣ ಫ್ಯಾನಿನಿಂದ ಗಾಳಿ ಬೀಸಿದರೆ ನಡೆಯುವುದೂ ಅದೇ. 1 ಲೀಟರು ನೀರು ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗುತ್ತದೆ. ಹೊರಗಿನ ಶಾಖ ಒಳಬಾರದಿದ್ದರೆ ನಮ್ಮ ಇಡೀ ತೊಟ್ಟಿಯನ್ನು 3 ಡಿಗ್ರಿಯಷ್ಟು ತಣಿಸಲು ಅದೊಂದೇ ಸಾಕು. ಕರಾವಳಿಯ ಒದ್ದೆ ಗಾಳಿಯಲ್ಲಿ ಈ ಉಪಾಯ ಇಷ್ಟು ಫಲಿಸದು. ನಾವು ಬೈಯುವ ನಮ್ಮೂರಿನ ಒಣಬಿಸಿಲೇ ಇಲ್ಲಿ ನಮ್ಮ ನೆರವಿಗೆ ಬರುತ್ತದೆ.

ಅಂದಿನಿಂದ ನಮ್ಮದು ಒಂದು ಕ್ರಮ. ದೀಪವೂ ನೀರನ್ನು ಕಾಯಿಸುವುದರಿಂದ ಬೇಸಗೆಯಲ್ಲಿ ಅದನ್ನು ಉರಿಸುವುದು ಸಂಜೆಯ ಮೇಲೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ; ಆದುದರಿಂದ ಗಾಜಿನ ಮೇಲೆ ಗೆರೆಯೊಂದನ್ನು ಎಳೆದು, ಅಲ್ಲಿಯವರೆಗೆ ಪ್ರತಿದಿನವೂ ಶುದ್ಧವಾದ ಸಿಹಿನೀರನ್ನೇ ತುಂಬುತ್ತೇವೆ. ಪಂಪಿಗೂ ಫ್ಯಾನಿಗೂ ಬ್ಯಾಟರಿಯ ಆಸರೆಯಿದೆ. ತೀರ ಅಗತ್ಯ ಬಿದ್ದರೆ ಮುಚ್ಚಳ ಬಿಗಿದ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ತೇಲಿಬಿಡುತ್ತೇವೆ. 2 ಲೀಟರಿನ ಒಂದು ಬಾಟಲಿ ಸುಮಾರು 1 ಡಿಗ್ರಿಯಷ್ಟು ತಣಿಸುತ್ತದೆ. ಉಷ್ಣಮಾಪಕವನ್ನು ನೋಡಿಯೇ ಇನ್ನೊಂದರ ಮಾತು.

ಆದರೆ ನಿಜವಾದ ಕಡಲಿಗೆ ಫ್ಯಾನು ಹಾಕುವವರಾರು? ಬೇಸಗೆಯ ವಾಡಿಕೆಯ ಗರಿಷ್ಠಕ್ಕಿಂತ ಕೇವಲ 1 ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಸಾಕು, ಹವಳಗಳು ಬಿಳಿಚತೊಡಗುತ್ತವೆ. ಬಿಸಿ ಬೇಗ ಇಳಿದರೆ ಪಾಚಿಗಳು ಮರಳಿ ಸೇರಿ ಅವು ಚೇತರಿಸಿಕೊಳ್ಳಬಹುದು, ಇಳಿಯದಿದ್ದರೆ ಸಾಯುತ್ತವೆ. ನಮ್ಮ ಲಕ್ಷದ್ವೀಪದ ಹವಳಗಳು 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಹೀಗೆ ಬಿಳಿಚಿಕೊಂಡವು. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿ ನಾವು ವಾತಾವರಣಕ್ಕೆ ಸೇರಿಸಿದ ಅನಿಲಗಳು ಹಿಡಿದಿಟ್ಟ ಹೆಚ್ಚಿನ ಶಾಖದ ಬಹುಪಾಲನ್ನು ನುಂಗಿಕೊಂಡಿರುವುದು ಕಡಲೇ. ಒಂದು ಡಿಗ್ರಿ ತಾನೆ ಎನ್ನುವವರನ್ನು ಕಂಡಾಗ ತೊಟ್ಟಿಯ ತಳದಲ್ಲಿ ಬಿದ್ದಿದ್ದ ಆ ಮೀನು ನನಗೆ ನೆನಪಾಗುತ್ತದೆ.

ಉಳಿದ ಮೀನು ಈಗ ಚೆನ್ನಾಗಿ ಬೆಳೆದಿದೆ. ಅದಕ್ಕೆ ಜೊತೆಯೂ ಬಂದಿದೆ. ಪ್ರತಿದಿನ ಬೆಳಿಗ್ಗೆ ಮೊಮ್ಮಗ ಶಾಲೆಗೆ ಹೊರಡುವ ಮೊದಲು ಉಷ್ಣಮಾಪಕ ನೋಡಿ ಅಂಕಿಯನ್ನು ಕೂಗಿ ಹೇಳುತ್ತಾನೆ. ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮಧ್ಯಾಹ್ನ ನೋಡುವ ಸರದಿ ನನ್ನದು. ಸಂಜೆ ಅವನು ಬಂದೊಡನೆ ಚೀಲವನ್ನು ಕೆಳಗಿಡುವ ಮೊದಲೇ, “ಮಧ್ಯಾಹ್ನ ಎಷ್ಟಿತ್ತು, ಅಜ್ಜಾ?” ಎನ್ನುತ್ತಾನೆ. ಈಗ ನನ್ನಲ್ಲಿ ಉತ್ತರವಿರುತ್ತದೆ.