ಹೆಬ್ಬೆರಳು ಮೇಲಕ್ಕೆ

ದಸರೆ ರಜೆಯಲ್ಲಿ ಅಂಡಮಾನಿಗೆ ಹೋಗಿ ಬಂದ ನನ್ನ ಅಣ್ಣನ ಮಗಳು ಮನೆಗೆ ಕಾಲಿಡುತ್ತಲೇ ಮೊಬೈಲು ತೆಗೆದು ಅಜ್ಜಿಯ ಮೂಗಿನ ಹತ್ತಿರ ಹಿಡಿದಳು. ಅದರಲ್ಲಿ ಅವಳದೊಂದು ಫೋಟೊ, ಕೆಳಗೆ ಹೆಸರು, ಒಂದು ನಂಬರು.

“ಇದೇನೇ, ಆಧಾರ್ ಕಾರ್ಡೇ?” ಎಂದಳು ನಮ್ಮ ಆಯಿ ಕನ್ನಡಕ ಹುಡುಕುತ್ತಾ.

“ಅಲ್ಲ ಅಜ್ಜಿ, ಸ್ಕೂಬಾ ಕಾರ್ಡು. ನಾನೀಗ 18 ಮೀಟರ್ ಆಳದವರೆಗೆ ಸಮುದ್ರದೊಳಗೆ ಹೋಗಬಹುದು!”

ಆಯಿಗೆ ಮೀಟರಿನ ಲೆಕ್ಕ ಬರುವುದಿಲ್ಲ. ನಾನು ಹೇಳಿದೆ, “ನಮ್ಮ ತೋಟದ ಬಾವಿ 30 ಅಡಿ ಅಲ್ಲವೇ? ಒಂದರ ಕೆಳಗೆ ಒಂದು ಅಂಥ ಎರಡು ಬಾವಿ.” ಆಯಿ ಮಾತಾಡಲಿಲ್ಲ. ಕುಮಟೆಯಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ 70 ವರ್ಷ ಬಾಳಿದರೂ ಅವಳು ಮೊಣಕಾಲಿಗಿಂತ ಮೇಲೆ ನೀರು ಬರಗೊಟ್ಟವಳಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, “ನಿನ್ನಿಂದಲೇ ಈ ಹುಚ್ಚು ಶುರುವಾಗಿದ್ದು. ಇನ್ನು ನೀನೇ ನೋಡಿಕೋ” ಎಂದಳು.

ಅದು ನಿಜ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಡೈವಿಂಗ್ ಕಲಿತದ್ದು 38ನೆಯ ವಯಸ್ಸಿನಲ್ಲಿ. ಹುಡುಗಿಗೆ ಈಗ 15. ಹೆಸರು ಹಾಕಬಾರದೆಂದು ಅವಳ ಅಪ್ಪಣೆಯಾದ್ದರಿಂದ ಮನೆಯಲ್ಲಿ ಕರೆಯುವಂತೆ ಪುಟ್ಟಿ ಎಂದೇ ಬರೆಯುತ್ತೇನೆ. ಅದಕ್ಕೂ ಅವಳ ಒಪ್ಪಿಗೆ ಇಲ್ಲ!

ಕಾರ್ಡು ಸುಮ್ಮನೆ ಸಿಗುವಂಥದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. 200 ಮೀಟರ್ ಈಜಿ ತೋರಿಸಬೇಕು, ಏನನ್ನೂ ಹಿಡಿಯದೆ 10 ನಿಮಿಷ ತೇಲಬೇಕು. ನೀರಿನಡಿಯಲ್ಲಿ ಕಣ್ಣಿನ ಮಾಸ್ಕ್ ತೆಗೆದು, ಮತ್ತೆ ಹಾಕಿಕೊಂಡು, ಒಳಗೆ ತುಂಬಿದ ನೀರನ್ನು ಮೂಗಿನಿಂದ ಉಸಿರು ಬಿಟ್ಟು ಹೊರದೂಡಬೇಕು. ಬಾಯಿಂದ ರೆಗ್ಯುಲೇಟರ್ ಕಳಚಿದರೆ ಕೈ ಬೀಸಿ ಹುಡುಕಿ ಬಾಯಿಗೆ ತರಬೇಕು. ಇದೆಲ್ಲ ಮೊದಲು ಈಜುಕೊಳದಂಥ ಕಡೆ, ಆಮೇಲೆ ಕಡಲಿನಲ್ಲಿ ನಾಲ್ಕು ಸಲ. ಜೊತೆಗೆ ಪಾಠ, ಪರೀಕ್ಷೆ. ಹತ್ತು ವರ್ಷ ತುಂಬಿದ ಮಕ್ಕಳಿಗೂ ಕಾರ್ಡು ಇದೆ. ಆದರೆ ಅವರಿಗೆ ಆಳ 12 ಮೀಟರ್ ಮಾತ್ರ, ಜೊತೆಗೆ ದೊಡ್ಡವರು ಇರಲೇಬೇಕು. ಪ್ರವಾಸಕ್ಕೆ ಹೋದವರು ತರಬೇತುದಾರನ ಕೈ ಹಿಡಿದು ಅರ್ಧ ಗಂಟೆ ನೀರಿನಡಿ ಇದ್ದು ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಅದು ಬೇರೆ. ಅದರಲ್ಲಿ ನೀವು ಬರಿಯ ಸಾಮಾನು, ಹೊರುವವನು ಅವನು. ಅಜ್ಜ–ಅಜ್ಜಿಯರು ಇವೆರಡನ್ನೂ ಒಂದೇ ಎಂದುಕೊಳ್ಳಬಾರದು.

ಆದರೂ ಲೆಕ್ಕ ಹಾಕಿ. ಕಡಲಿನಲ್ಲಿ ನಾಲ್ಕು ಸಲ. ನಾಲ್ಕು ಸಲ ಸ್ಟೀರಿಂಗ್ ಹಿಡಿದವರ ಕೈಗೆ ದೇವಿಮನೆ ಘಾಟಿಯಲ್ಲಿ ಕಾರು ಕೊಡುತ್ತೀರಾ? ಪುಟ್ಟಿಗೆ ಈ ಮಾತು ರುಚಿಸಲಿಲ್ಲ. “ಅತ್ತೆ, ನಾನು ಎಲ್ಲ ಪಾಸಾಗಿದ್ದೇನೆ” ಎಂದಳು. ಪಾಸಾದದ್ದು ಸರಿ. ಆಗ ನಾನು ಯಾರಿಗೂ ಹೇಳದಿದ್ದ ನನ್ನ ಕಥೆಯನ್ನು ಅವಳಿಗೆ ಹೇಳಿದೆ.

ನನಗೆ ಕಾರ್ಡು ಬಂದು ಎರಡು ತಿಂಗಳಾಗಿತ್ತು. ಅದು ನನ್ನ ಏಳನೆಯ ಡೈವು. ಮುರ್ಡೇಶ್ವರದಿಂದ ದೋಣಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಪ್ರಯಾಣ ಮಾಡಿದರೆ ನೇತ್ರಾಣಿ ನಡುಗಡ್ಡೆ. ಪಾರಿವಾಳದ ಗುಡ್ಡ ಎನ್ನುವುದೂ ಅದನ್ನೇ. ನಾವು ಆರು ಜನ, ಒಬ್ಬ ಗೈಡು. ಸ್ಕೂಬಾದಲ್ಲಿ ಯಾರೂ ಒಂಟಿಯಲ್ಲ, ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ. ಇಂಗ್ಲಿಷಿನಲ್ಲಿ ಅವನಿಗೆ ‘ಬಡ್ಡಿ’ ಎನ್ನುತ್ತಾರೆ. (ಬ್ಯಾಂಕಿನ ಬಡ್ಡಿಯಲ್ಲ ಎಂದು ಆಯಿಗೆ ಹೇಳಬೇಕಾಯಿತು.) ನನ್ನ ಬಡ್ಡಿ ಅವತ್ತೇ ಪರಿಚಯವಾದ ಧಾರವಾಡದ ಹುಡುಗ, ಕೈಯಲ್ಲಿ ಕ್ಯಾಮೆರಾ. ಇಳಿಯುವ ಮೊದಲು ಒಬ್ಬರ ಜಾಕೆಟ್ಟು, ತೂಕದ ಬೆಲ್ಟು, ಬಕಲ್ಲು, ಗಾಳಿ ಎಲ್ಲವನ್ನೂ ಇನ್ನೊಬ್ಬರು ಮುಟ್ಟಿ ನೋಡಬೇಕೆಂದು ಕಲಿತಿದ್ದೆವು. ನಾವಿಬ್ಬರೂ ಸಂಕೋಚದಿಂದ ಹಾಗೆ ಮಾಡಲೇ ಇಲ್ಲ.

ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ಇರುತ್ತದೆ. 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು. ಹೊಸಬರು ಗಾಬರಿಯಲ್ಲಿ ಬೇಗ ಬೇಗ ಉಸಿರೆಳೆಯುತ್ತಾರೆ, ಅವರ ಗಾಳಿ ಬೇಗ ಖಾಲಿಯಾಗುತ್ತದೆ. ಹಿಂದಿನ ಡೈವಿನಲ್ಲಿ ನನ್ನದೇ ಎಲ್ಲರಿಗಿಂತ ಮೊದಲು ಮುಗಿದು, ನನ್ನಿಂದಾಗಿ ಎಲ್ಲರೂ ಮೇಲೆ ಬರಬೇಕಾಗಿತ್ತು. ಯಾರೋ ನಗುತ್ತಾ, “ಮೇಡಂ ಸಮುದ್ರವನ್ನೇ ಕುಡಿದುಬಿಟ್ಟರು” ಎಂದಿದ್ದರು. ಆ ನಗು ನನ್ನ ತಲೆಯಲ್ಲಿತ್ತು.

ಗೈಡು ಕೈಸನ್ನೆಯಿಂದ ನನ್ನ ಗಾಳಿ ಎಷ್ಟೆಂದು ಕೇಳಿದ. ಮುಳ್ಳು 90ರಲ್ಲಿತ್ತು. ಸಂಖ್ಯೆ ತೋರಿಸುವ ಬದಲು ನಾನು ಹೆಬ್ಬೆರಳು–ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಿದೆ; ‘ಎಲ್ಲ ಸರಿಯಿದೆ’ ಎಂಬ ಸನ್ನೆ ಅದು. ಆತ ನಂಬಿ ಮುಂದೆ ಹೋದ. ಸ್ವಲ್ಪ ಹೊತ್ತಿಗೆ ಮುಳ್ಳು ಕೆಂಪು ಗೆರೆ ದಾಟಿತು. ಇನ್ನೊಂದು ನಿಮಿಷ ನೋಡೋಣ ಎಂದುಕೊಂಡೆ. ಆಮೇಲೆ ಇನ್ನೊಂದು. 14 ಮೀಟರ್ ಆಳ. ಎದುರಿಗೆ ಬಂಡೆಯ ಸಂದಿನಲ್ಲಿ ನೀಲಿ ಹಳದಿ ಮೀನುಗಳು ಸುಳಿಯುತ್ತಿದ್ದವು. ಒಂದನ್ನೂ ನಾನು ನೋಡುತ್ತಿರಲಿಲ್ಲ. ಹೆದರಿಕೆ ಹೆಚ್ಚಾದಂತೆ ಉಸಿರು ಹೆಚ್ಚಾಯಿತು, ಉಸಿರು ಹೆಚ್ಚಾದಂತೆ ಗಾಳಿ ಇಳಿಯಿತು. ಬಡ್ಡಿ ದೂರದಲ್ಲಿ ಕ್ಯಾಮೆರಾದಲ್ಲಿ ಮುಳುಗಿದ್ದ. ಅವನ ಹತ್ತಿರ ಈಜಿ ತಲುಪುವಾಗ, ಸಣ್ಣ ನಳಿಗೆಯಲ್ಲಿ ದಪ್ಪ ಮಜ್ಜಿಗೆ ಹೀರುವ ಹಾಗೆ ಉಸಿರೆಳೆಯುವುದೇ ಕಷ್ಟವಾಗಿತ್ತು.

ಕತ್ತಿನ ಮುಂದೆ ಅಂಗೈಯನ್ನು ಅಡ್ಡಡ್ಡ ಆಡಿಸಿದೆ. ‘ಗಾಳಿ ಇಲ್ಲ’ ಎಂದರ್ಥ. ಆ ಹುಡುಗ ಒಂದು ಕ್ಷಣವೂ ತಡಮಾಡದೆ ತನ್ನ ಹಳದಿ ಬಣ್ಣದ ಎರಡನೆಯ ರೆಗ್ಯುಲೇಟರನ್ನು ನನ್ನ ಬಾಯಿಗೆ ಕೊಟ್ಟು, ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಒಂದೇ ಸಿಲಿಂಡರಿನಿಂದ ಇಬ್ಬರೂ ಉಸಿರಾಡುತ್ತಾ ನಿಧಾನವಾಗಿ ಮೇಲೇರಿದೆವು. 5 ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ಅಷ್ಟು ಉದ್ದದ ಮೂರು ನಿಮಿಷವನ್ನು ನಾನು ಯಾವ ಪರೀಕ್ಷಾ ಕೊಠಡಿಯಲ್ಲೂ ಕಂಡಿಲ್ಲ.

ದೋಣಿಯಲ್ಲಿ ಯಾರೂ ಬಯ್ಯಲಿಲ್ಲ. ಗೈಡು ನನ್ನ ಗಾಳಿಯ ಮೀಟರನ್ನು ತಿರುಗಿಸಿ ನೋಡಿ ಇಷ್ಟೇ ಕೇಳಿದ, “ಟೀಚರೇ, ಸುಳ್ಳು ಹೇಳಿದ ಹುಡುಗರಿಗೆ ನಿಮ್ಮ ಶಾಲೆಯಲ್ಲಿ ಏನು ಮಾಡ್ತೀರಿ?”

ಕಥೆ ಮುಗಿದಾಗ ಪುಟ್ಟಿ ಕೇಳಿದ ಮೊದಲ ಪ್ರಶ್ನೆ, “ಗಾಳಿ ಮುಗಿಯುತ್ತಿದ್ದರೂ ನಿಧಾನ ಯಾಕೆ? ಬುಳಕ್ಕನೆ ಮೇಲೆ ಬರಬಹುದಿತ್ತಲ್ಲ?” ಪಾಸಾದ ಹುಡುಗಿ! ಮಕ್ಕಳೇ, ನಿಮಗೂ ಈ ಪ್ರಶ್ನೆ ಬಂದಿರಬಹುದು. ಒಂದು ಲೋಟವನ್ನು ಬೋರಲಾಗಿ ಹಿಡಿದು 10 ಮೀಟರ್ ಆಳಕ್ಕೆ ಒಯ್ದರೆ ಒಳಗಿನ ಗಾಳಿ ಕುಗ್ಗಿ ಅರ್ಧ ಲೋಟವಾಗುತ್ತದೆ, 20 ಮೀಟರಿನಲ್ಲಿ ಮೂರನೆಯ ಒಂದು ಪಾಲು. ಮೇಲೆ ತರುವಾಗ ಅದೇ ಗಾಳಿ ಹಿಗ್ಗುತ್ತದೆ. ಕೆಳಗೆ ಸಿಲಿಂಡರಿನ ಗಾಳಿಯನ್ನು ಎದೆ ತುಂಬ ಎಳೆದುಕೊಂಡು, ಉಸಿರು ಕಟ್ಟಿ ಮೇಲೆ ಬಂದರೆ ಶ್ವಾಸಕೋಶವೇ ಹರಿಯಬಹುದು. ಅದಕ್ಕೇ ಸ್ಕೂಬಾದ ಮೊದಲ ಪಾಠ: ಎಂದೂ ಉಸಿರು ಕಟ್ಟಬೇಡ. ಇನ್ನೊಂದು ಅಪಾಯ ಗೋಲಿ ಸೋಡದ್ದು. ಗೋಲಿ ಒತ್ತಿದ ಕೂಡಲೇ ಅದರಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ನುಗ್ಗುತ್ತದಲ್ಲ, ಹಾಗೆಯೇ ಆಳದಲ್ಲಿ ನಮ್ಮ ಮೈಯೊಳಗೆ ಕರಗಿದ ಸಾರಜನಕ, ಅವಸರದಲ್ಲಿ ಮೇಲೆ ಬಂದರೆ ಗುಳ್ಳೆಗಟ್ಟುತ್ತದೆ. ಗೋಲಿಯನ್ನು ಚೂರು ಚೂರೇ ಒತ್ತಿದರೆ ನೊರೆ ಉಕ್ಕುವುದಿಲ್ಲ. ಡೈವಿಂಗ್ ಆದ ಮೇಲೆ ಕೂಡಲೇ ವಿಮಾನ ಹತ್ತಬಾರದು ಎನ್ನುವುದೂ ಇದಕ್ಕೇ. ಹಲವು ಸಲ ಇಳಿದವರು ಕನಿಷ್ಠ 18 ಗಂಟೆ ಕಾಯಬೇಕು. ಈ ನಿಧಾನದ ಲೆಕ್ಕವನ್ನು ಮೊದಲು ಸರಿಯಾಗಿ ಹಾಕಿ 1908ರಲ್ಲಿ ಪ್ರಕಟಿಸಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಅವರ ಸಂಗಡಿಗರು. ಪ್ರಯೋಗಕ್ಕೆ ಒದಗಿದ್ದು ಆಡುಗಳು, ಪಾಪ. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ ಕೂಡ ದೊಡ್ಡ ವಿಜ್ಞಾನಿ. 1957ರಲ್ಲಿ ಭಾರತಕ್ಕೆ ಬಂದು, ನಮ್ಮ ದೇಶದ ಪ್ರಜೆಯೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಡಿಸೆಂಬರ್ ರಜೆಯಲ್ಲಿ ಪುಟ್ಟಿಯನ್ನು ನೇತ್ರಾಣಿಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಅವಳು 18 ಮೀಟರ್ ಎಂದಳು, ನಾನು 10 ಎಂದೆ. ಕಲಿತ ಜಾಗ ಬೇರೆ, ನೇತ್ರಾಣಿಯ ನೀರು ಬೇರೆ. ಎರಡು ತಿಂಗಳು ಬಿಟ್ಟು ಇಳಿಯುವುದರಿಂದ ಮೊದಲ ಸಲ ತಗ್ಗಿನಲ್ಲೇ ಸಾಕು. ದೋಣಿಯವರಿಗೆ ನಾನೇ ಫೋನು ಮಾಡಿ, ಒಬ್ಬ ಗೈಡಿಗೆ ಎಷ್ಟು ಜನ, ದೋಣಿಯಲ್ಲಿ ತುರ್ತಿಗೆ ಆಮ್ಲಜನಕ ಇದೆಯೇ ಎಂದು ಕೇಳಿದೆ. ಇಂಥ ಪ್ರಶ್ನೆಗೆ ಸಿಡುಕುವವರ ದೋಣಿ ಹತ್ತದಿರುವುದೇ ಲೇಸು. ಇವರು ಸಿಡುಕಲಿಲ್ಲ.

ಹಿಂದಿನ ರಾತ್ರಿ ಒಂದು ಒಪ್ಪಂದ ಮಾಡಿಕೊಂಡೆವು. ಊರಿನಲ್ಲಿ ಹೆಬ್ಬೆರಳು ಎತ್ತಿದರೆ ‘ಭೇಷ್’ ಎಂದರ್ಥ. ನೀರಿನಡಿಯಲ್ಲಿ ಹಾಗಲ್ಲ. ಅಲ್ಲಿ ಹೆಬ್ಬೆರಳು ಮೇಲೆ ಮಾಡಿದರೆ ‘ಸಾಕು, ಮೇಲೆ ಹೋಗೋಣ’ ಎಂದು. ಯಾರು ಬೇಕಾದರೂ, ಯಾವಾಗ ಬೇಕಾದರೂ ತೋರಿಸಬಹುದು. ಎದುರಿನವರು ಅದೇ ಸನ್ನೆ ತಿರುಗಿ ತೋರಿಸಿ ಜೊತೆಗೇ ಹೊರಡಬೇಕು. “ಯಾಕೆ ಅಂತ ಕೇಳೋದಿಲ್ಲ. ಮೇಲೆ ಬಂದ ಮೇಲೂ ಬಯ್ಯೋದಿಲ್ಲ” ಎಂದೆ. “ನೀವು ತೋರಿಸಿದರೂ ನಾನು ಬಯ್ಯೋದಿಲ್ಲ ಅತ್ತೆ” ಎಂದಳು, ದೊಡ್ಡ ಉಪಕಾರ ಮಾಡುವವಳಂತೆ.

ಬೆಳಿಗ್ಗೆ ದೋಣಿಯಲ್ಲಿ ಅವಳು ಎರಡು ಸಲ ಸೀನಿದಳು. ನಾನು ಮುಖ ನೋಡಿದೆ. “ಗಾಳಿಗೆ” ಎಂದಳು. ಶೀತವಾಗಿದ್ದರೆ ಇಳಿಯಬಾರದು, ಮೂಗಿನಿಂದ ಕಿವಿಗೆ ಹೋಗುವ ಸಣ್ಣ ದಾರಿ ಕಟ್ಟಿಕೊಂಡರೆ ಒಳಗಿನ ಒತ್ತಡ ಸರಿದೂಗುವುದಿಲ್ಲ. ಮಾತ್ರೆ ನುಂಗಿ ಇಳಿಯುವುದು ಇನ್ನೂ ಕೆಟ್ಟದ್ದು. ಅದರ ಗುಣ ನಡುವೆ ಇಳಿದುಹೋದರೆ ಮೇಲೆ ಬರುವಾಗ ತೊಂದರೆ. ನನಗೆ ಆಗಲೇ ಬೇಡ ಎನ್ನಬಹುದಿತ್ತು. ಆದರೆ ಅಣ್ಣ ರಜೆ ಹಾಕಿ ಬಂದಿದ್ದ, ಹಣ ಕಟ್ಟಿ ಆಗಿತ್ತು, ಹುಡುಗಿ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ನಾನೂ ಸುಮ್ಮನಾದೆ. ಒಬ್ಬರ ಸಾಮಾನು ಒಬ್ಬರು ಮುಟ್ಟಿ ನೋಡಿ, ಹಗ್ಗ ಹಿಡಿದು ಇಳಿಯತೊಡಗಿದೆವು.

ಎರಡು ಮೀಟರ್. ಮೂಗು ಹಿಡಿದು ಮೆಲ್ಲಗೆ ಊದಿದಳು, ಸೊನ್ನೆ ತೋರಿಸಿದಳು. ಮೂರು ಮೀಟರಿನಲ್ಲಿ ಕಿವಿಯ ಹತ್ತಿರ ಬೆರಳು ತಂದು ಅಂಗೈ ಅಲುಗಿಸಿದಳು. ಅರ್ಧ ಮೀಟರ್ ಮೇಲೆ ಬಂದು ಮತ್ತೆ ಊದಿದಳು, ಮತ್ತೆ ಇಳಿದಳು. ನಾಲ್ಕು ಮೀಟರ್ ಹತ್ತಿರ ನಿಂತುಬಿಟ್ಟಳು. ಕೆಳಗೆ ಬಂಡೆಗಳು ತಿಳಿಯಾಗಿ ಕಾಣುತ್ತಿದ್ದವು. ನಮ್ಮ ದೋಣಿಯ ಉಳಿದವರು ಆಗಲೇ ಅಲ್ಲಿ ತಲುಪಿ ಗುಳ್ಳೆ ಬಿಡುತ್ತಿದ್ದರು. ಅವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಮಾಸ್ಕಿನೊಳಗೆ ಕಣ್ಣು ದೊಡ್ಡದಾಗಿತ್ತು. ನಾನು ಏನೂ ಸನ್ನೆ ಮಾಡಲಿಲ್ಲ. ಮಾಡಬಾರದೆಂದು ಕೈಯನ್ನು ಹಗ್ಗಕ್ಕೆ ಬಿಗಿಹಿಡಿದಿದ್ದೆ.

ಹೆಬ್ಬೆರಳು ಮೇಲೆ ಹೋಯಿತು. ನಾನೂ ನನ್ನ ಹೆಬ್ಬೆರಳು ಎತ್ತಿದೆ.

“ಇಷ್ಟು ಬೇಗ? ಏನಾಯ್ತು?” ದೋಣಿಯಿಂದ ಅಣ್ಣ ಕೂಗಿದ. “ಕಿವಿ ಬಿಡಲಿಲ್ಲ ಅಪ್ಪ” ಎಂದಳು. ಅವನು ಹಣದ ಮಾತೆತ್ತಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ. ಪುಟ್ಟಿ ಸ್ವಲ್ಪ ಅತ್ತಳು, ಆಮೇಲೆ ಆಯಿ ಕಟ್ಟಿಕೊಟ್ಟಿದ್ದ ಅವಲಕ್ಕಿಯಲ್ಲಿ ನನ್ನ ಪಾಲನ್ನೂ ತಿಂದಳು. ನಡುಗಡ್ಡೆಯ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದೊಂದು ಸುತ್ತುತ್ತಿತ್ತು. ಉಳಿದವರು ಬರುವವರೆಗೆ ಅದನ್ನೇ ನೋಡುತ್ತಾ ಕುಳಿತೆವು.

ರಾತ್ರಿ ಮುರ್ಡೇಶ್ವರದಿಂದ ಮನೆಗೆ ಫೋನು ಮಾಡಿದಾಗ ಆಯಿ ಕೇಳಿದಳು, “ಎಷ್ಟು ಬಾವಿ ಇಳಿದೆಯೇ?”

“ಅರ್ಧ ಬಾವಿಯೂ ಇಲ್ಲ ಅಜ್ಜಿ.”

“ಯಾಕೆ?”

“ಅದನ್ನ ಕೇಳೋ ಹಾಗಿಲ್ಲ” ಎಂದಳು ಪುಟ್ಟಿ.