ಮುಖ ಯಾಕೆ ಹೀಗ್ಮಾಡ್ಕೊಂಡಿದ್ದೀಯೇ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಬ್ಯಾಗಿನ್ನೂ ಹೆಗಲ ಮೇಲೇ ಇತ್ತು. ದೊಡ್ಡಮ್ಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಮುಖ ಯಾಕೆ ಹೀಗ್ಮಾಡ್ಕೊಂಡಿದ್ದೀಯೇ?" ಎಂದರು. ನನಗೀಗ ಇಪ್ಪತ್ತೆಂಟು, ಪಿಎಚ್.ಡಿ.ಯ ನಾಲ್ಕನೇ ವರ್ಷ. "ಥೀಸಿಸ್ ಎಲ್ಲಿಗೆ ಬಂತು?" ಎಂಬ ಪ್ರಶ್ನೆಗೆ ಬಸ್ಸಿನಲ್ಲೇ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಇದಕ್ಕೆ ಮಾಡಿಕೊಂಡಿರಲಿಲ್ಲ.

ಕಾಫಿ ಬರುವಷ್ಟರಲ್ಲಿ ನಡುಮನೆಯಲ್ಲಿ ರೋಗನಿರ್ಣಯ ಮುಗಿದಿತ್ತು. ಹಾಸ್ಟೆಲ್ ಊಟದಿಂದ ಉಷ್ಣ ಆಗಿದೆ ಎಂದು ಅತ್ತೆ. ಸಂಜೆ ಬಜ್ಜಿ, ಬೋಂಡ ತಿಂದರೆ ಇನ್ನೇನಾಗುತ್ತೆ ಎಂದು ಚಿಕ್ಕಪ್ಪ. ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ಮುಖ ತೊಳೆಯಬೇಕು ಎಂದು ದೊಡ್ಡಮ್ಮ. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತದೆ, "ಒಂದು ಮದುವೆ ಮಾಡಿ, ಎಲ್ಲಾ ತಾನಾಗೇ ಹೋಗುತ್ತೆ" ಅಂದರು. ಅಮ್ಮ ಮಾತ್ರ ಒಳಗೆ ಕರೆದು ಮೆಲ್ಲಗೆ, "ಇದು ವಾಸಿಯಾಗೋವರೆಗೂ ಯಾರಿಗೂ ಫೋಟೋ ಕಳಿಸೋದು ಬೇಡ" ಅಂದಳು. ಮದುವೆಯಾದರೆ ಮೊಡವೆ ಹೋಗುತ್ತೆ, ಮೊಡವೆ ಹೋಗದೆ ಮದುವೆ ಇಲ್ಲ. ಈ ಗಂಟನ್ನು ಬಿಡಿಸುವುದು ನನ್ನ ಥೀಸಿಸ್ಸಿಗಿಂತ ಕಷ್ಟ ಅನ್ನಿಸಿತು.

ಆ ರಾತ್ರಿ ನನ್ನನ್ನು ಕಾಡಿದ್ದು ದೊಡ್ಡಮ್ಮನ ಕ್ರಿಯಾಪದ. ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಬಿ.ಪಿ. 'ಬಂತು'. ಅತ್ತೆಗೆ ಥೈರಾಯ್ಡ್ 'ಬಂತು'. ನಾನು ಮಾತ್ರ ಮುಖ ಹೀಗೆ 'ಮಾಡಿಕೊಂಡೆ'. ಬೇರೆ ಕಾಯಿಲೆಗಳು ಅತಿಥಿಗಳಂತೆ ಬರುತ್ತವೆ. ಮೊಡವೆಯನ್ನು ಮಾತ್ರ ನಾವೇ ಕೈಯಾರೆ ಮಾಡಿಕೊಂಡಿರುತ್ತೇವೆ. ಯಾವ ಕಾರಣ ಕೊಟ್ಟರೂ ಅದರ ಕೊನೆಗೆ ಒಂದು ತಪ್ಪು ಇರುತ್ತದೆ. ತಿಂದಿದ್ದು ತಪ್ಪು, ತೊಳೆಯದಿದ್ದದ್ದು ತಪ್ಪು, ವಯಸ್ಸಿಗೆ ಸರಿಯಾಗಿ ಮದುವೆಯಾಗದಿದ್ದದ್ದು ತಪ್ಪು.

ನಾನು ಓದುತ್ತಿರುವುದು ಗ್ರಂಥಸಂಪಾದನೆ. ಹಳೆಯ ಓಲೆಗರಿಗಳ ಪ್ರತಿಗಳನ್ನು ಹೋಲಿಸಿ ಸರಿಯಾದ ಪಾಠ ಯಾವುದೆಂದು ಹುಡುಕುವ ಕೆಲಸ. ಅದರಲ್ಲಿ ಮೊದಲು ಕಲಿಸುವ ಎಚ್ಚರಿಕೆ ಒಂದಿದೆ: ಹತ್ತು ಪ್ರತಿಗಳು ಒಂದೇ ಮಾತು ಹೇಳಿದರೆ ಅದು ನಿಜವೆಂದಲ್ಲ, ಹತ್ತೂ ಒಬ್ಬ ಲಿಪಿಕಾರನ ತಪ್ಪಿನಿಂದ ಇಳಿದು ಬಂದಿರಬಹುದು. ಮೊಡವೆಯ ಬಗ್ಗೆ ಓದತೊಡಗಿದಾಗ ಇದೇ ನೆನಪಾಯಿತು.

ಆಗುವುದಿಷ್ಟು. ಚರ್ಮದ ಪ್ರತಿ ರೋಮಕೂಪದ ಪಕ್ಕ ಒಂದು ಎಣ್ಣೆಯ ಗ್ರಂಥಿ ಇರುತ್ತದೆ. ಹರೆಯದಲ್ಲಿ ಆಂಡ್ರೋಜನ್ ಹಾರ್ಮೋನುಗಳು, ಹುಡುಗಿಯರಲ್ಲೂ, ಅದನ್ನು ಚುರುಕುಗೊಳಿಸುತ್ತವೆ. ರಂಧ್ರದ ಒಳಗೋಡೆಯ ಸತ್ತ ಕೋಶಗಳು ಉದುರಿ ಹೊರಬೀಳದೆ ಎಣ್ಣೆಯೊಂದಿಗೆ ಅಂಟಿ ಬಿರಡೆಯಾಗುತ್ತವೆ. ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ, ಶುದ್ಧ ಮುಖವೂ ಸೇರಿ ಎಲ್ಲರ ಚರ್ಮದಲ್ಲೂ ಇರುವಂಥದ್ದು, ಅಲ್ಲಿ ಸೇರುತ್ತದೆ. ದೇಹ ಅದರ ಜೊತೆ ಜಗಳಕ್ಕೆ ನಿಂತಾಗ ಕೆಂಪು, ಊತ, ಕೀವು. ಇದೆಲ್ಲ ನಡೆಯುವುದು ಸೋಪು ತಲುಪದ ಜಾಗದಲ್ಲಿ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಕೊಳೆಯಲ್ಲ. ಮೆಲನಿನ್ ಮತ್ತು ಗಾಳಿ ತಾಕಿ ಬಣ್ಣ ಬದಲಿಸಿದ ಎಣ್ಣೆಯ ಅಂಶ. ನಾಲ್ಕು ಸಲ ಉಜ್ಜಿದರೆ ಚರ್ಮ ಕೆರಳುತ್ತದೆ, ಅಷ್ಟೆ. ನನ್ನಂತೆ ಇಪ್ಪತ್ತೈದು ದಾಟಿದ ಮೇಲೂ ಮೊಡವೆ ಬರುವ ಹೆಂಗಸರು ಬಹಳ ಮಂದಿ, ಮದುವೆಯಾದವರೂ ಅದರಲ್ಲಿದ್ದಾರೆ.

ಸುಶ್ರುತ ಸಂಹಿತೆ ಇದನ್ನು ಮುಖದೂಷಿಕೆ ಎಂದು ಕರೆದು, ಬೂರುಗದ ಮರದ ಮುಳ್ಳಿಗೆ ಹೋಲಿಸಿ, ಕಫ, ವಾತ, ರಕ್ತಗಳಿಂದ ಯೌವನದವರಿಗೆ ಬರುವುದು ಎನ್ನುತ್ತದೆ. ಇವತ್ತಿನ ವಿಜ್ಞಾನ ಆ ಕಾರಣಗಳನ್ನು ಒಪ್ಪುವುದಿಲ್ಲ. ಆದರೆ ಆ ಶ್ಲೋಕದಲ್ಲಿ ಮುಖ ತೊಳೆಯದ ಮಾತಿಲ್ಲ, ನಡತೆಯ ಮಾತೂ ಇಲ್ಲ. ಬೈಗುಳ ಸೇರಿದ್ದು ಯಾವ ಪ್ರತಿಯಲ್ಲೋ.

ತಪ್ಪು ಪಾಠ ಮನೆಯವರದ್ದು ಮಾತ್ರವೂ ಅಲ್ಲ. 1969ರಲ್ಲಿ ಅಮೆರಿಕದಲ್ಲಿ 65 ಮಂದಿಗೆ ಚಾಕೊಲೇಟ್ ತಿನ್ನಿಸಿ ಒಂದು ಪ್ರಯೋಗ ಮಾಡಿದರು. ಹೋಲಿಕೆಗೆಂದು ಕೊಟ್ಟ, ಚಾಕೊಲೇಟ್ ಇಲ್ಲದ ಮಿಠಾಯಿಗಿಂತ ಅದೇನೂ ಹೆಚ್ಚು ಮೊಡವೆ ತರಲಿಲ್ಲ. ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು. ಆದರೆ ಆ ಇನ್ನೊಂದು ಮಿಠಾಯಿಯಲ್ಲೂ ಸಕ್ಕರೆ, ಕೊಬ್ಬು ತುಂಬಿತ್ತು! 2007ರಲ್ಲಿ ಆಸ್ಟ್ರೇಲಿಯಾದಲ್ಲಿ 43 ಯುವಕರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಊಟ ಮಾಡಿದವರಿಗೆ ಮೊಡವೆ ಹೆಚ್ಚು ಕಡಿಮೆಯಾಯಿತು. ಅಂದರೆ ಊಟಕ್ಕೆ ಒಂದಿಷ್ಟು ಪಾತ್ರವಿದೆ. ಆದರೆ ಚಿಕ್ಕಪ್ಪ ಬೈಯುವ ಬಜ್ಜಿಯ ಎಣ್ಣೆಗಿಂತ ಅವರೇ ಬಲವಂತ ಮಾಡಿ ಬಡಿಸಿದ ಜಿಲೇಬಿಯ ಮೇಲೆ ಅನುಮಾನ ಹೆಚ್ಚು. ಹಾಗೆಯೇ, ಹಣೆಗೆ ಇಳಿಯುವಷ್ಟು ಎಣ್ಣೆಯನ್ನು ತಲೆಗೆ ಹಚ್ಚಿದರೆ ಹಣೆಯಂಚಿನಲ್ಲಿ ಸಣ್ಣ ಗುಳ್ಳೆಗಳು ಏಳಬಹುದು. ನಮ್ಮ ಮನೆಯಲ್ಲಿ ಯಾರೂ ಅನುಮಾನಿಸದಿದ್ದದ್ದು ಆ ಎಣ್ಣೆಯ ಬಟ್ಟಲನ್ನು ಮಾತ್ರ.

ಇಷ್ಟೆಲ್ಲ ಓದಿದ್ದು ಬುದ್ಧಿ ಬಂದ ಮೇಲೆ. ಬುದ್ಧಿ ಬಂದ ಬಗೆಯನ್ನೂ ಹೇಳಬೇಕು.

ಹಬ್ಬ ಮುಗಿಸಿ ಮೈಸೂರಿಗೆ ಮರಳಿದವಳು ಮೊದಲು ಹೋದದ್ದು ಮೆಡಿಕಲ್ ಶಾಪಿಗೆ. ಡಿಸೆಂಬರಿನಲ್ಲಿ ಸೆಮಿನಾರ್ ಇತ್ತು, ಅಮ್ಮನಿಗೆ ಫೋಟೋ ಬೇಕಿತ್ತು. ಕೌಂಟರಿನ ಹುಡುಗ ಏನೂ ಕೇಳದೆ ಒಂದು ಟ್ಯೂಬ್ ಕೊಟ್ಟ. ನಾನೂ ಏನೂ ಕೇಳಲಿಲ್ಲ. ವಾರದಲ್ಲಿ ಕೆಂಪು ಇಳಿಯಿತು, ಮೂರು ವಾರದಲ್ಲಿ ಮುಖ ಹೊಳೆಯಿತು. ಪಕ್ಕದ ರೂಮಿನ ಎಂ.ಎ. ಹುಡುಗಿ, "ಅಕ್ಕಾ, ಏನು ಹಚ್ತೀರಿ?" ಅಂತ ಕೇಳಿದಳು. ಒಂದು ಚೀಟಿಯಲ್ಲಿ ಹೆಸರು ಬರೆದುಕೊಟ್ಟೆ. ಕೈಬರಹ ದುಂಡಾಗಿತ್ತು.

ಸೆಮಿನಾರ್ ಮುಗಿದ ಮೇಲೆ ಹಚ್ಚುವುದು ಬಿಟ್ಟೆ. ಐದನೇ ದಿನಕ್ಕೆ ಮುಖ ಉರಿಯತೊಡಗಿತು. ಹಿಂದೆ ಮೊಡವೆ ಇಲ್ಲದ ಕಡೆಯಲ್ಲೂ ಗುಳ್ಳೆ ಎದ್ದವು. ಚರ್ಮದ ಡಾಕ್ಟರು ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿ ನನ್ನ ಕೈಗೆ ಕೊಟ್ಟರು. "ಇದರಲ್ಲಿ ಸ್ಟಿರಾಯ್ಡ್ ಇದೆ. ನೀವೇ ಓದಿ" ಅಂದರು. ಅದು ಉರಿಯೂತವನ್ನು ಅಡಗಿಸುವುದರಿಂದ ಮೊದಮೊದಲು ಮುಖ ಚೆಂದ ಕಾಣುತ್ತದೆ. ಬರಬರುತ್ತಾ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಮೊಡವೆಯನ್ನೂ ಅದೇ ಹುಟ್ಟಿಸುತ್ತದೆ. ಬಿಟ್ಟರೆ ಉರಿ, ಉರಿ ತಡೆಯಲಾಗದೆ ಮತ್ತೆ ಅದನ್ನೇ ಹಚ್ಚುವುದು. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. 2011ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಯಿಂದ 12 ಕೇಂದ್ರಗಳಿಗೆ ಬಂದ 2,926 ಮಂದಿಯಲ್ಲಿ 433 ಮಂದಿ ಸ್ಟಿರಾಯ್ಡ್ ಹಚ್ಚಿಕೊಳ್ಳುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಹೇಳಿದವರು ವೈದ್ಯರೇ ಅಲ್ಲ. ಅಂಥ ಹೇಳಿದವರ ಸಾಲಿಗೆ ನಾನೂ ಸೇರಿದ್ದೆ.

ಸಂಜೆ ಆ ಹುಡುಗಿಯ ಬಾಗಿಲು ತಟ್ಟಿದೆ. ಬೇಡವೆಂದು ಹೇಳುವಷ್ಟರಲ್ಲಿ ಅವಳು ಎರಡನೇ ಟ್ಯೂಬ್ ಮುಗಿಸುತ್ತಾ ಬಂದಿದ್ದಳು. ಕೆನ್ನೆಯಲ್ಲಿ ದಾರದೆಳೆಯಂಥ ಕೆಂಪು ಗೆರೆಗಳು. ಬಿಸಿಲಿಗೆ ಹೋಗಲಾಗದೆ ದುಪಟ್ಟಾ ಸುತ್ತಿಕೊಂಡು ತರಗತಿಗೆ ಹೋಗುತ್ತಿದ್ದಳಂತೆ. ಕೋಪ ಮಾಡಿಕೊಳ್ಳಲಿಲ್ಲ. "ನೀವು ಪಿಎಚ್.ಡಿ. ಮಾಡ್ತಿದ್ದೀರಲ್ಲಾ ಅಕ್ಕಾ, ಓದೇ ಕೊಟ್ಟಿರ್ತೀರ ಅಂದ್ಕೊಂಡೆ" ಅಂದಳು. ಒಂದು ಅಕ್ಷರದ ಪಾಠಾಂತರಕ್ಕೆ ಮೂರು ಪ್ರತಿ ತಿರುವಿಹಾಕುವ ನಾನು, ಕೆನ್ನೆಗೆ ಹಚ್ಚುವ ಟ್ಯೂಬಿನ ಒಂದು ಸಾಲು ಓದಿರಲಿಲ್ಲ. ತಪ್ಪು ಪ್ರತಿಯಿಂದ ಇನ್ನೊಂದು ಪ್ರತಿ ಮಾಡಿ ಕೊಟ್ಟಿದ್ದೆ.

ಯಾಕೆ ಓದಲಿಲ್ಲ? ಅವಸರವಿತ್ತು. ತಪ್ಪು ಮಾಡಿ ಸಿಕ್ಕಿಬಿದ್ದವರಿಗೆ ಇರುವಂಥ ಅವಸರ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುತ್ತೇವೆ, ತಪ್ಪನ್ನಾದರೆ ಮುಚ್ಚಿಡುತ್ತೇವೆ. ಮೊಡವೆಯ ನಿಜವಾದ ಚಿಕಿತ್ಸೆ ನಿಧಾನದ್ದು. ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್‌ನಂಥ ಔಷಧಗಳಿಗೂ ಎರಡು ಮೂರು ತಿಂಗಳು ಬೇಕು. ನಾಚಿಕೆಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಇಬ್ಬರೂ ಜೊತೆಯಾಗಿ ಆಸ್ಪತ್ರೆಗೆ ಹೋಗುತ್ತಿದ್ದೇವೆ. ನನ್ನ ಮುಖ ಮುಕ್ಕಾಲು ಹಳೆಯ ಸ್ಥಿತಿಗೆ, ಅಂದರೆ ಬರೀ ಮೊಡವೆಗೆ, ಬಂದಿದೆ. ಅವಳ ಕೆಂಪು ಗೆರೆಗಳು ಇನ್ನೂ ಇವೆ.

ಯುಗಾದಿಗೆ ಊರಿಗೆ ಹೋದಾಗ ಒಂಬತ್ತನೇ ತರಗತಿಯ ಚಿಕ್ಕಪ್ಪನ ಮಗಳು ಬಾಗಿಲ ಮರೆಯಲ್ಲಿ ನಿಂತಿದ್ದಳು, ಗಲ್ಲದ ತುಂಬ ಮೊಡವೆ. ದೊಡ್ಡಮ್ಮ, "ಏನೇ ಇದು, ಮುಖ ಯಾಕೆ..." ಎಂದು ಶುರು ಮಾಡಿದರು. "ಅವಳು ಮಾಡ್ಕೊಂಡಿಲ್ಲ ದೊಡ್ಡಮ್ಮಾ, ಬಂದಿದೆ" ಅಂದೆ. ದೊಡ್ಡಮ್ಮ ಒಂದು ಕ್ಷಣ ನನ್ನನ್ನೇ ನೋಡಿದರು.

"ಬಂದಿದ್ದೋ, ಮಾಡ್ಕೊಂಡಿದ್ದೋ. ಇಬ್ಬರಿಗೂ ಜಾಯಿಕಾಯಿ ತೇಯ್ದಿಟ್ಟಿದ್ದೀನಿ, ಬನ್ನಿ."

ಹುಡುಗಿ ನನ್ನ ಮುಖ ನೋಡಿ ನಕ್ಕಳು. ಬಾಗಿಲ ಮರೆಯಿಂದ ಈಚೆಗೂ ಬಂದಳು.